ಚಪ್ಪರದಡಿ ಬಳೆ ಒಡೆಯುವುದಿಲ್ಲ

ಇಲ್ಲಿ ಬರೆಯುವುದರಲ್ಲಿ ಕೆಲವು ಸಂಗತಿಗಳು ನಡೆದ ಹಾಗೇ ಇರಲಿಕ್ಕಿಲ್ಲ. ಅಕ್ಕ ಆ ದಿನ ಉಟ್ಟಿದ್ದ ಸೀರೆ ನನ್ನ ನೆನಪಿನಲ್ಲಿ ನೇರಳೆ, ಫೋಟೋದಲ್ಲಿ ನೋಡಿದರೆ ಕಂದು. ಬಳೆ ತೊಡಿಸಲು ಬಂದಿದ್ದವಳು ವಯಸ್ಸಾದ ಹೆಂಗಸು ಎಂದೇ ನಂಬಿದ್ದೆ, ಅವಳು ನನಗಿಂತ ಚಿಕ್ಕವಳಂತೆ. ಎಂ.ಎ. ಓದುವಾಗಿನಿಂದ ಡೈರಿ ಬರೆಯುತ್ತ ಬಂದವಳು ನಾನು. ಆದರೆ ಆ ವಾರಗಳಲ್ಲಿ ಕೆಟ್ಟಿದ್ದು ಬರೆಯುವ ಕೈಯೇ. ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತಿರುತ್ತೇನೆ: ಯಾರು ಬರೆದದ್ದು, ನಡೆದು ಎಷ್ಟು ಕಾಲವಾದ ಮೇಲೆ ಬರೆದದ್ದು, ಬರೆದವರಿಗೆ ಅದರಿಂದ ಆದ ಲಾಭನಷ್ಟವೇನು, ಇಷ್ಟು ಮೊದಲು ಕೇಳಿ. ಹಾಗೆ ಕೇಳಿದರೆ ಇದು ಜ್ವರದಲ್ಲಿದ್ದವಳೊಬ್ಬಳು ನಷ್ಟವಾದ ಮೇಲೆ ಬರೆದದ್ದು. ಅಷ್ಟು ತಿಳಿದುಕೊಂಡೇ ಓದಬೇಕು.

ಎದೆಯ ಗಡ್ಡೆ, ಅದರ ಆಪರೇಷನ್ನು, ಕಂಕುಳಿನ ಗ್ರಂಥಿಗಳನ್ನು ತೆಗೆದದ್ದು, ಆಮೇಲಿನ ಕೀಮೋ, ರೇಡಿಯೇಷನ್ನು, ಇವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಅದೆಲ್ಲ ಮುಗಿದು, ತಲೆಯಲ್ಲಿ ಮತ್ತೆ ಕೂದಲು ಬಂದು, "ಗೆದ್ದುಬಿಟ್ರಿ ಮೇಡಂ" ಎಂದು ಸ್ಟಾಫ್ ರೂಮಿನಲ್ಲಿ ಕೇಕ್ ಕತ್ತರಿಸಿಯೂ ಆದ ಮೇಲೆ ಬಂದದ್ದು ಈ ಕೈ. ಮೊದಲು ಹೇಳಿದವನು ಟೈಲರ್. ಬ್ಲೌಸು ವಾಪಸು ಕೊಟ್ಟಾಗ ಅವನಿಗೆ ಸಿಟ್ಟೇ ಬಂತು. "ಬಲತೋಳು ಮಾತ್ರ ಬಿಗೀನಾ? ಎರಡಕ್ಕೂ ಒಂದೇ ಅಳತೆ ಇಟ್ಟಿದೀನಿ ಮೇಡಂ, ಬೇಕಾದ್ರೆ ಟೇಪ್ ಹಿಡೀತೀನಿ." ಟೇಪ್ ಹಿಡಿದ. ಎರಡು ತೋಳಿನ ಅಳತೆ ಒಂದೇ ಇತ್ತು, ಕೈಗಳ ಅಳತೆ ಬೇರೆಯಾಗಿತ್ತು.

ಆಮೇಲೆ ಬೆರಳ ಉಂಗುರ ಹೋಯಿತು, ವಾಚು ಎಡಗೈಗೆ ಬಂತು. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ತೋಳು ನೆನೆದ ಗೋಣಿಚೀಲದ ಹಾಗೆ ಭಾರವಾಗುತ್ತಿತ್ತು. ಗ್ರಂಥಿ ತೆಗೆದ ಮೇಲೆ ನೀರು ಕಟ್ಟಿ ಕೈ ಊದುವ ಇದಕ್ಕೆ ಲಿಂಫೆಡಿಮಾ ಎಂಬ ಹೆಸರಿದೆ ಎಂದು ಗೊತ್ತಾದ ದಿನ ಅತ್ತೆಗೆ ಫೋನ್ ಮಾಡಿದೆವು. ಅವರಿರುವುದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ. ಹೆಸರನ್ನು ಎರಡು ಸಲ ಹೇಳಿಸಿಕೊಂಡು ಕೊನೆಗೆ ಅವರೇ ತೀರ್ಪು ಕೊಟ್ಟರು.

"ನಂಜು ಕಣವ್ವ ಅದು. ಬದನೆಕಾಯಿ ಬುಡು, ಮೊಟ್ಟೆ ಬುಡು. ಡಾಕ್ಟ್ರು ಹೇಳಿದ್ದೂ ಮಾಡು."

"ಅಮ್ಮ, ಎರಡೂ ಬಿಟ್ರೆ ಮನೇಲಿ ನಾನೇನು ತಿನ್ಲಿ?" ಎಂದರು ನನ್ನ ಗಂಡ ನಾಗರಾಜು.

"ನಿನ್ ಕೈ ಊದಿಲ್ವಲ್ಲ, ನೀನು ತಿನ್ನು. ಅವ್ಳ ಮುಂದೆ ಕೂತ್ಕೊಂಡು ತಿನ್ಬ್ಯಾಡ."

ಅತ್ತೆ ತುಮಕೂರಿಗೆ ಬಂದು ನಮ್ಮ ಜೊತೆಗಿದ್ದರು. ಬೆಳಿಗ್ಗೆ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದರು. ಬಲಗೈ ಹಿಂದಕ್ಕೆ ಹೋಗುವುದಿಲ್ಲ ಎಂದು ನಾನು ಯಾವತ್ತೂ ಅವರಿಗೆ ಹೇಳಿರಲಿಲ್ಲ. ಹೇಳಿರಲಿಲ್ಲ ಎಂದುಕೊಂಡಿದ್ದೇನೆ.

ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಆಗೊಮ್ಮೆ ಈಗೊಮ್ಮೆ ಶನಿವಾರ ಬೆಂಗಳೂರಿನಿಂದ ಒಬ್ಬ ಸರ್ಜನ್ ಬರುತ್ತಿದ್ದರು. ಊದಿದ ಕೈಕಾಲುಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಆಪರೇಷನ್ ಮಾಡುವವರು. ನೀರು ಕಟ್ಟಿಕೊಂಡ ನಾಳವನ್ನು ಪಕ್ಕದ ಸಣ್ಣ ರಕ್ತನಾಳಕ್ಕೆ ಜೋಡಿಸಿ ದಾರಿ ಮಾಡಿಕೊಡುತ್ತಾರೆ ಎಂದು ಕೇಳಿ ಹೋದೆವು. ಹೊರಗಿನ ಬೆಂಚಿನಲ್ಲಿ ಎಲ್ಲರದೂ ಕಾಲು, ನನ್ನದೊಂದೇ ಕೈ. ಪಕ್ಕದ ಹೆಂಗಸು ಬಹಳ ಹೊತ್ತು ನೋಡಿ, ತಡೆಯಲಾರದೆ ಕೇಳಿದಳು.

"ಆನೆಕಾಲು ಕೈಗೂ ಬತ್ತದಾ ಅಕ್ಕ?"

"ಇದು ಆನೆಕಾಲಲ್ಲ, ಕ್ಯಾನ್ಸರ್ ಆಗಿತ್ತು" ಎಂದೆ.

"ಓ, ಅಷ್ಟೇನಾ" ಎಂದಳು. ಸಮಾಧಾನ ಮಾಡುವುದಕ್ಕೇ ಅಂದಿದ್ದು. ನಾಗರಾಜು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಆ ವರ್ಷವೆಲ್ಲ ನಾವಿಬ್ಬರೂ ಒಟ್ಟಿಗೆ ನಕ್ಕ ನೆನಪು ಅದೊಂದೇ.

ಒಳಗೆ ಡಾಕ್ಟರು ನನ್ನ ಕೈಯನ್ನು ದಿಂಬಿನ ಮೇಲಿಟ್ಟು, ತಣ್ಣಗಿನ ಜೆಲ್ ಹಚ್ಚಿ, ಸ್ಕ್ಯಾನಿಂಗ್ ಮಿಷನ್ನಿನ ಹಿಡಿಯನ್ನು ಚರ್ಮಕ್ಕೆ ತಾಗಿಯೂ ತಾಗದ ಹಾಗೆ ಇಟ್ಟರು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನೇ, ಆದರೆ ಇದರ ಹಿಡಿ ತೀರಾ ಸಣ್ಣದು. ಪರದೆಯ ತುಂಬ ಬೂದಿಯಂಥ ಬೂದು. ನನಗೇನೂ ಕಾಣಲಿಲ್ಲ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಈ ಕಪ್ಪು ಚುಕ್ಕಿ ನೋಡಿ. ಒತ್ತಿದ್ರೆ ಮುಚ್ಕೊಳ್ತು ಅಲ್ವಾ? ಅದು ರಕ್ತನಾಳ. ಈಗ ಇದು. ಒತ್ತಿದ್ರೂ ಹಾಗೇ ಇದೆ. ಇದೇ ನಮಗೆ ಬೇಕಾಗಿರೋ ಲಿಂಫ್ ನಾಳ. ಗೋಡೆ ತೆಳ್ಳಗಿದೆ, ಒಳಗೆ ತೂತು ಚೆನ್ನಾಗಿ ತೆರ್ಕೊಂಡಿದೆ."

ಎಳ್ಳಿನಷ್ಟೂ ಇರಲಿಲ್ಲ ಅದು. ಅವರು ಉಸಿರು ಬಿಗಿಹಿಡಿದು ಹುಡುಕುವುದನ್ನು ನೋಡುತ್ತ ನಾನೂ ಉಸಿರು ಬಿಗಿಹಿಡಿದಿದ್ದೆ. ಸಿಕ್ಕಿದಲ್ಲೆಲ್ಲ ಪೆನ್ನಿನಿಂದ ಚರ್ಮದ ಮೇಲೆ ಗೆರೆ ಎಳೆದರು. ಲಿಂಫ್ ನಾಳಕ್ಕೆ ಹಸಿರು, ರಕ್ತನಾಳಕ್ಕೆ ನೀಲಿ, ಎರಡೂ ಹತ್ತಿರ ಬಂದಲ್ಲಿ ಒಂದು ಅಡ್ಡಗೆರೆ. ಅಡ್ಡಗೆರೆ ಇದ್ದಲ್ಲಿ ಕೊಯ್ಯುವುದು. ಮಣಿಕಟ್ಟಿನಿಂದ ಮೊಣಕೈವರೆಗೆ ಅಂಥವು ನಾಲ್ಕು ಸಿಕ್ಕವು.

"ಇಷ್ಟು ಚೆನ್ನಾಗಿರೋದು ಸಿಗೋದು ಅಪರೂಪ. ಬೇಗ ಮಾಡ್ಬಿಡೋಣ. ಅಲ್ಲಿವರೆಗೂ ಆ ಕೈನ ಜೋಪಾನ ಮಾಡಿ. ಗಾಯ ಆಗ್ಬಾರ್ದು, ಇನ್ಫೆಕ್ಷನ್ ಆಗ್ಬಾರ್ದು, ಬಿಗಿಯಾಗಿ ಏನೂ ಹಾಕ್ಬೇಡಿ. ಒಂದ್ಸಲ ಇನ್ಫೆಕ್ಷನ್ ಆಯ್ತು ಅಂದ್ರೆ ಈ ನಾಳಗಳು ಗಟ್ಟಿಯಾಗ್ಬಿಡ್ತವೆ."

ಆಪರೇಷನ್ ಬೆಂಗಳೂರಿನಲ್ಲಿ, ಅಕ್ಕನ ಮಗಳ ಮದುವೆ ಮುಗಿದ ವಾರ ಎಂದಾಯಿತು. ಮದುವೆಗೆ ಮೊದಲೇ ಆಗಬಹುದಿತ್ತೋ ಏನೋ. ದಿನ ಗೊತ್ತು ಮಾಡಿದ್ದು ನಾನೋ, ನಾಗರಾಜೋ, ಆಸ್ಪತ್ರೆಯವರೋ? ಕೇಳಿದರೆ ಪ್ರತಿಯೊಬ್ಬರದೂ ಒಂದೊಂದು ಉತ್ತರ.

ಅಕ್ಕನ ಮನೆ ಗುಬ್ಬಿಯಲ್ಲಿ. ಅಮ್ಮ ತೀರಿಕೊಂಡ ಮೇಲೆ ನನಗೆ ತವರು ಎಂದರೆ ಅದೇ. ಅಕ್ಕನ ಮಗಳು ಸಹನಾ ನನ್ನ ಮಡಿಲಲ್ಲಿ ಬೆಳೆದವಳು, ಚಿಕ್ಕವ್ವ ಎಂದರೆ ಅವಳಿಗೆ ಪ್ರಾಣ. ಚಪ್ಪರದ ದಿನ ಹೋದೆ. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಎದ್ದಿತ್ತು, ಹಸಿ ಗರಿಯ ವಾಸನೆ ತುಂಬಿತ್ತು. ಕೈ ಮುಚ್ಚುವಂತೆ ಸೆರಗು ಹೊದ್ದುಕೊಂಡು ಕೂತೆ. ನಡುಮನೆಯಲ್ಲಿ ಬಳೆ ಶಾಸ್ತ್ರ ನಡೆದಿತ್ತು. ಮದುಮಗಳಿಗೆ ತೊಡಿಸಿದ ಮೇಲೆ ಮನೆಯ ಮುತ್ತೈದೆಯರೆಲ್ಲ ಸರದಿಯಲ್ಲಿ ಹಸಿರು ಗಾಜಿನ ಬಳೆ ತೊಡಿಸಿಕೊಳ್ಳಬೇಕು. ಮದುವೆ ಮುಗಿದು ಚಪ್ಪರ ಬಿಚ್ಚುವವರೆಗೆ ಆ ಬಳೆ ಒಡೆಯಬಾರದು, ತೆಗೆಯಬಾರದು. ಇದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲದ ನಿಯಮ.

"ವಿಜಿ, ಬಾರೇ, ನಿಂದೇ ಬಾಕಿ" ಎಂದಳು ಅಕ್ಕ.

"ಎಡಗೈಗೆ ಮಾತ್ರ ಸಾಕು ಕಣಕ್ಕ."

"ಒಂದ್ ಕೈಗೆ ಹಾಕಿ ಒಂದ್ ಕೈ ಬರಿದು ಬಿಡ್ತಾರೇನೇ ಮದುವೆ ಮನೇಲಿ? ಬೀಗರ ಕಡೆಯೋರು ಕೂತವ್ರೆ."

"ಡಾಕ್ಟರು ಬೇಡ ಅಂದಿದಾರೆ."

"ದೊಡ್ಡ ಸೈಜ್ ಹಾಕಿಸ್ತೀನಿ, ಬಿಗೀನೇ ಇರಲ್ಲ. ಎರಡೇ ಎರಡು. ಶಾಸ್ತ್ರಕ್ಕೆ."

ಸಹನಾ ತನ್ನ ಕೈತುಂಬ ಬಳೆಗಳನ್ನು ಎತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಈ ಕಾಯಿಲೆ ಶುರುವಾದ ಮೇಲೆ ಹೆಂಗಸರ ಗುಂಪಿನಲ್ಲಿ ನನಗೆ ಯಾರೂ ಸರದಿ ಕೊಟ್ಟಿರಲಿಲ್ಲ. ಅರಿಶಿನ ಕುಂಕುಮ ಕೊಡುವಾಗಲೂ ಒಂದು ಹೆಜ್ಜೆ ದೂರ ನಿಂತು ಕೊಡುತ್ತಿದ್ದರು. ಆ ಮಧ್ಯಾಹ್ನ ಎಲ್ಲರೂ ಜಾಗ ಬಿಟ್ಟು ನನ್ನನ್ನು ನಡುವೆ ಕೂರಿಸಿಕೊಂಡರು. ಕೈ ನಾನೇ ಚಾಚಿದೆನೋ ಅಥವಾ ಅಕ್ಕ ಸೆರಗು ಸರಿಸಿ ಎಳೆದುಕೊಂಡಳೋ, ಎರಡೂ ಚಿತ್ರ ನನ್ನಲ್ಲಿವೆ. ಎರಡೂ ಅಷ್ಟೇ ಸ್ಪಷ್ಟವಾಗಿವೆ.

ಬಳೆಯವಳು ಸೋಪಿನ ನೀರು ಹಚ್ಚಿ, ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಹಿಟ್ಟು ನಾದುವ ಹಾಗೆ ಅಂಗೈ ಅಮುಕಿ ಅಮುಕಿ ಬಳೆ ಏರಿಸಿದಳು. ಡಾಕ್ಟರು ಎಳೆದಿದ್ದ ಗೆರೆಗಳಲ್ಲಿ ಉಳಿದಿದ್ದ ಬಣ್ಣ ಸೋಪಿನ ನೊರೆಗೆ ಬಿಟ್ಟುಕೊಂಡಿತು. "ಇದೇನಮ್ಮ, ಹಚ್ಚೆನಾ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೇ ಬಳೆಯ ಬೆಸುಗೆ ಚೂಪಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಸಣ್ಣಗೆ ಗೀರಿತು. ರಕ್ತ ಕೂಡ ಸರಿಯಾಗಿ ಬರಲಿಲ್ಲ.

ಮಾರನೆಯ ದಿನ ಬಳೆಗಳು ಮಣಿಕಟ್ಟಿನಲ್ಲಿ ತಿರುಗುವುದು ನಿಂತಿತು. ಅದರ ಮರುದಿನ ಧಾರೆ. ಛತ್ರದಲ್ಲಿ ಮದುಮಗಳ ಕೋಣೆಗೆ ಹೋದಾಗ ಕೈ ಕೆಂಪಾಗಿತ್ತು, ಬಳೆಗಳು ಮಾಂಸದೊಳಗೆ ಕೂತಿದ್ದವು. ಅವುಗಳ ಎರಡೂ ಪಕ್ಕದಲ್ಲಿ ಚರ್ಮ ಉಬ್ಬಿ ಹೊಳೆಯುತ್ತಿತ್ತು.

ಇಲ್ಲಿಂದ ಮುಂದೆ ನನ್ನ ನೆನಪು ಒಂದು, ಅಕ್ಕನದು ಇನ್ನೊಂದು. ನನ್ನ ನೆನಪಿನಲ್ಲಿ, ಹೂವಿನ ಬುಟ್ಟಿಗಳ ಪಕ್ಕದಲ್ಲಿ ನಿಂತು ಅಕ್ಕನಿಗೆ ಕೈ ತೋರಿಸಿದೆ. "ತಡ್ಕೊಳ್ಳೋಕಾಗ್ತಿಲ್ಲ ಕಣಕ್ಕ, ಒಡೆದು ತೆಗೆದ್ಬಿಡು" ಎಂದೆ. ಅವಳು ಅಂಗೈಯಿಟ್ಟು ನೋಡಿದಳು. ಆಮೇಲೆ ನನ್ನ ಸೆರಗನ್ನೇ ಎಳೆದು ಕೈಯ ಮೇಲೆ ಹೊದಿಸಿದಳು. "ಮನೆ ಮುಂದೆ ಚಪ್ಪರ ಅದೆ ಕಣೇ. ಇವತ್ತೊಂದಿನ." ಅಕ್ಕ ಹೇಳುವುದು, ನಾನು ಆ ಕೋಣೆಗೆ ಬರಲೇ ಇಲ್ಲ ಎಂದು. ನೆಂಟರ ನಡುವೆ ಸುಮ್ಮನೆ ಕೂತಿದ್ದೆನಂತೆ, ನಗುತ್ತಿದ್ದೆನಂತೆ. ಸಹನಾಳನ್ನು ಕೇಳಿದೆ. "ನನ್ನ ಜಡೆ ಹೆಣೀತಿದ್ರು ಚಿಕ್ಕವ್ವ, ತಲೆ ಎತ್ತೋಕೂ ಬಿಡ್ಲಿಲ್ಲ" ಎಂದಳು. ಫೋಟೋಗಳಲ್ಲಿ ನಾನು ನಿಜವಾಗಿಯೂ ನಗುತ್ತಿದ್ದೇನೆ.

ಧಾರೆಯ ಹೊತ್ತಿಗೆ ಚಳಿ ಬಂದು ಹಲ್ಲು ಕಟಕಟ ಎನ್ನತೊಡಗಿತು. ನಾಗರಾಜು ಊಟದ ಹಾಲ್‌ನಿಂದ ಎಂಜಲು ಕೈಯಲ್ಲೇ ಓಡಿ ಬಂದರು. ಹಾಗೇ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೊರಟರು. ಆಸ್ಪತ್ರೆಯಲ್ಲಿ ನರ್ಸ್ ಬಳೆಗೂ ಚರ್ಮಕ್ಕೂ ನಡುವೆ ಬಟ್ಟೆ ತೂರಿಸಲು ನೋಡಿದಳು, ಸಂದೇ ಇರಲಿಲ್ಲ. "ಕಣ್ಮುಚ್ಕೊಳ್ಳಿ ಮೇಡಂ" ಎಂದು ಹೇಳಿ ಕತ್ತರಿಯ ಹಿಡಿಯಿಂದ ಒಂದೇಟು ಹೊಡೆದಳು. ಕಣ್ಣು ಮುಚ್ಚಿಕೊಂಡದ್ದು ನಾಗರಾಜು. ನಾನು ನೋಡುತ್ತಲೇ ಇದ್ದೆ. ಚೂರುಗಳನ್ನು ಅವಳು ಟ್ರೇಗೆ ಹಾಕಿದಾಗ, ಇದು ಇಷ್ಟೇ ಕೆಲಸವಾಗಿತ್ತಾ ಎಂದುಕೊಂಡೆ.

ಅಡ್ಮಿಟ್ ಮಾಡಿಕೊಂಡರು. ಅತ್ತೆ ಮದುವೆಯಿಂದ ನೇರ ವಾರ್ಡಿಗೆ ಬಂದರು. ಬರಿದಾದ ಕೈ ನೋಡಿ ಏನನ್ನುತ್ತಾರೋ ಎಂದು ಅಂಜಿದ್ದೆ. ಅವರು ಮಂಚದ ತುದಿಯಲ್ಲಿ ಕೂತು ಸೀರೆಯ ಗಂಟಿನಿಂದ ಮದುವೆಯ ಲಾಡು ತೆಗೆದರು. "ಬಳೆ ಹೋದ್ರೆ ಹೋಯ್ತು ಬುಡು. ನನ್ ಮಗ ಗುಂಡುಕಲ್ಲಂಗೆ ನಿಂತವ್ನೆ, ಕೈ ವಾಸಿಯಾದ್ಮೇಲೆ ಡಜನ್‌ಗಟ್ಲೆ ತರ್ತಾನೆ." ಲಾಡು ಮುರಿದು ಬಾಯಿಗಿಟ್ಟರು. ಅವತ್ತು ಅಳು ಬಂದದ್ದು ಅದಕ್ಕೆ, ನೋವಿಗಲ್ಲ.

ಜ್ವರ ಇಳಿಯಿತು, ಕೆಂಪು ಇಳಿಯಿತು, ಊತ ಇಳಿಯಲಿಲ್ಲ. ಮೊದಲಿದ್ದಕ್ಕಿಂತ ಹೆಚ್ಚಾಗಿಯೇ ನಿಂತಿತು. ಮೊದಲು ಒತ್ತಿದರೆ ಕುಳಿ ಬೀಳುತ್ತಿದ್ದ ಕೈ ಈಗ ಒತ್ತಿದರೂ ಬೀಳದ ಹಾಗೆ ಬಿಗಿದುಕೊಂಡಿತು. ಆಪರೇಷನ್ ಮುಂದಕ್ಕೆ ಹೋಯಿತು.

ಎರಡನೇ ಸ್ಕ್ಯಾನಿಗೆ ಹೋದ ಶನಿವಾರ ಹೊರಗಿನ ಬೆಂಚು ಖಾಲಿಯಿತ್ತು. ಡಾಕ್ಟರು ಜೆಲ್ ಹಚ್ಚಿದರು, ಹಿಡಿ ಇಟ್ಟರು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದರು. ಹಸಿರು ಪೆನ್ನು ಟೇಬಲ್ಲಿನ ಮೇಲೆ ಮುಚ್ಚಳ ತೆಗೆದುಕೊಂಡು ಕಾದಿತ್ತು. ಪರದೆ ನನ್ನ ಕಡೆ ತಿರುಗಿಸಲಿಲ್ಲ. ನಾನೇ ಕೇಳಿದೆ.

"ಕಾಣ್ತಿಲ್ವಾ ಡಾಕ್ಟ್ರೇ?"

"ಕಾಣ್ತಿದಾವೆ. ಆದ್ರೆ ಗೋಡೆ ದಪ್ಪ ಆಗ್ಬಿಟ್ಟಿದೆ. ಒಳಗೆ ತೂತೇ ಉಳಿದಿಲ್ಲ." ಹಿಡಿಯನ್ನು ಮೇಲಕ್ಕೆ ಸರಿಸಿ, "ಮೊಣಕೈ ಹತ್ರ ಒಂದಿದೆ. ಅದನ್ನ ಟ್ರೈ ಮಾಡೋಣ" ಎಂದರು.

"ಒಂದರಿಂದ ಆಗುತ್ತಾ?"

ಅವರು ಟಿಶ್ಯೂ ತೆಗೆದು ನನ್ನ ಕೈಯ ಜೆಲ್ ಒರೆಸಿದರು. ಅದು ನರ್ಸಿನ ಕೆಲಸ. ನನಗೆ ಅರ್ಥವಾಯಿತು.

ಆದರೂ ಮಾಡಿಸಿಕೊಂಡೆ. ಆ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟಿದ್ದರು, ಎಚ್ಚರವಾಗಿಯೇ ಇದ್ದೆ. ಹಸಿರು ಬಟ್ಟೆಯ ಆಚೆ ನನ್ನ ಕೈ ಯಾರದೋ ಕೈಯ ಹಾಗೆ ಬಿದ್ದಿತ್ತು. ಅಲ್ಲಿಯೂ ಒಮ್ಮೆ ಸ್ಕ್ಯಾನ್ ಮಾಡಿ, ಗೆರೆ ಎಳೆದು, ಆಮೇಲೆ ಕೊಯ್ದರು. "ಹರೀತಿದೆ" ಎಂದು ಡಾಕ್ಟರು ಒಮ್ಮೆ ಅಂದದ್ದು ಕೇಳಿಸಿತು. ಆ ಮಾತನ್ನು ನಾನು ಕೇಳಿದ್ದು ನಿಜ ಎಂದು ನಂಬುತ್ತೇನೆ. ಅದನ್ನೂ ಕಳೆದುಕೊಳ್ಳುವ ಧೈರ್ಯ ಇಲ್ಲದ್ದರಿಂದ ಅವರನ್ನು ಮತ್ತೆ ಕೇಳಿಲ್ಲ.

ಈಗ ಟೇಪ್ ಹಿಡಿದರೆ ಮೊಣಕೈ ಹತ್ತಿರ ಒಂದಿಷ್ಟು ಇಳಿದಿದೆ. ಕೆಳಗೆ, ಮಣಿಕಟ್ಟಿನಲ್ಲಿ, ಅಂಗೈಯಲ್ಲಿ, ಏನೂ ಇಳಿದಿಲ್ಲ. "ಇನ್ನೂ ಕೆಡದೇ ಇದ್ರೆ ಅದೇ ನಮ್ಮ ಗೆಲುವು" ಎಂದರು ಡಾಕ್ಟರು. ಊತ ಏರದಂತೆ ಒತ್ತಿ ಹಿಡಿಯುವ ಬಿಗಿಯಾದ ತೋಳಚೀಲವನ್ನು ಈಗ ಎದ್ದ ಕೂಡಲೇ ಹಾಕಿಕೊಳ್ಳಬೇಕು, ಎಡಗೈ ಒಂದರಿಂದ ಅದು ಏರುವುದಿಲ್ಲ. ನಾಗರಾಜು ಕೈಗೆ ಪೌಡರ್ ಹಾಕಿ ಎಳೆಯುತ್ತಾರೆ. ಮೊದಮೊದಲು ಏನಾದರೂ ತಮಾಷೆ ಮಾಡುತ್ತಿದ್ದರು. ಈಗ ಮಾಡುವುದಿಲ್ಲ, ಆಫೀಸಿಗೆ ಹೊತ್ತಾಗುತ್ತದೆ. ಕಾಲೇಜಿನಲ್ಲಿ ಬೋರ್ಡಿಗೆ ಬರೆಯುವುದನ್ನು ಬಿಟ್ಟಿದ್ದೇನೆ. ಡೈರಿ ದಿನಕ್ಕೆ ಅರ್ಧ ಪುಟ ಆದರೆ ಹೆಚ್ಚು, ಅಕ್ಷರ ನನ್ನದಲ್ಲ. ಇದನ್ನೆಲ್ಲ ಮೊಬೈಲಿಗೆ ಹೇಳಿ ಹೇಳಿ ಬರೆಸಿದ್ದೇನೆ. ನಿಮ್ಮಲ್ಲಿ ಯಾರಾದರೂ ಟೈಲರ್ ಮುಂದೆ ಒಂದು ತೋಳು ಸಡಿಲವಾಗಿ ಹೊಲಿಯಿರಿ ಎಂದು ದನಿ ತಗ್ಗಿಸಿ ಹೇಳುತ್ತಿದ್ದರೆ, ನಾನೂ ಹಾಗೇ ಹೇಳುತ್ತೇನೆ ಎಂಬುದೊಂದನ್ನು ಬಿಟ್ಟು ಕೊಡಲು ನನ್ನ ಹತ್ತಿರ ಏನೂ ಇಲ್ಲ. ವಾಸಿಯಾಗುತ್ತದೆ ಎಂದು ಹೇಳಲಾರೆ. ಬೆಳಿಗ್ಗೆ ಎದ್ದಾಗ, ಕಣ್ಣು ಬಿಡುವ ಮೊದಲು, ಕೈ ಹಗುರವಾಗಿದೆ ಎನ್ನಿಸುತ್ತದೆ. ಆಮೇಲೆ ಅದನ್ನು ಎತ್ತಬೇಕಾಗುತ್ತದೆ.

ಮೊನ್ನೆ ಅಕ್ಕ ಬಂದಿದ್ದಳು. ಸಹನಾ ಬಸುರಿ, ಸೀಮಂತಕ್ಕೆ ಕರೆಯಲು ಬಂದದ್ದು. ಅತ್ತೆ ಕಾಫಿ ಕೊಟ್ಟು ಹೂ ತರುತ್ತೇನೆಂದು ಹೊರಗೆ ಹೋದರು. ಅಕ್ಕ ಹಣೆಗೆ ಕುಂಕುಮವಿಟ್ಟಳು, ದೂರ ನಿಂತು ಅಲ್ಲ, ಹತ್ತಿರ ಕೂತು. ಆಮೇಲೆ ಬೇರೆ ಕಡೆ ನೋಡುತ್ತ ಹೇಳಿದಳು.

"ಬೆಳಿಗ್ಗೆ ಬಳೆ ತೊಡಿಸೋದು. ನೀನು ಅಷ್ಟು ಬೇಗ ಬರೋದೇನೂ ಬೇಡ. ಊಟದ ಹೊತ್ತಿಗೆ ಬಾ, ಆಯ್ತಾ?"

"ಎಡಗೈ ಇದೆಯಲ್ಲಕ್ಕ."

"ಸುಮ್ನೆ ಯಾಕೆ ಬುಡು. ಇನ್ನೇನಾದ್ರೂ ಆದ್ರೆ ನನ್ ತಲೆಗೆ ಬತ್ತದೆ."

"ಈಗ ಯಾರು ನಿನ್ನ ತಲೆಗೆ ಕಟ್ಟಿದಾರೆ?"

"ನೀನು ಬಾಯ್ಬಿಟ್ಟು ಹೇಳ್ದೆ ಇರ್ಬಹುದು. ನೋಡೋ ನೋಟ ಗೊತ್ತಾಗಲ್ವಾ? ಛತ್ರದಲ್ಲಿ ನನ್ ಹತ್ರ ಬಂದೆ, ಬಂದೆ ಅಂತೀಯ. ನೀನು ಬರ್ಲಿಲ್ಲ ಕಣೇ ವಿಜಿ. ದೇವ್ರಾಣೆ ಬರ್ಲಿಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಸುಳ್ಳು ಹೇಳುವಾಗ ಅಕ್ಕ ಅಳುವವಳಲ್ಲ. ನಿಜ ಹೇಳುವಾಗಲೂ ಅಳುವವಳಲ್ಲ. ಹೂವಿನ ಬುಟ್ಟಿಗಳನ್ನು ನಾನು ಕಂಡದ್ದು ಆ ಕೋಣೆಯಲ್ಲೋ ಅಥವಾ ಜ್ವರದಲ್ಲೋ ಎಂದು ನನಗೇ ಮೊದಲ ಸಲ ಅನುಮಾನ ಬಂತು. ಬಂದ ಅನುಮಾನ ಹೋಗಲಿಲ್ಲ. ಇನ್ನು ಯಾವತ್ತೂ ಇದು ತೀರ್ಮಾನವಾಗುವುದಿಲ್ಲ, ಹೀಗೇ ಇಬ್ಬರೂ ಮುದುಕಿಯರಾಗುತ್ತೇವೆ ಎನ್ನಿಸಿತು. ಹಾಗಾಗಿ ಆ ಮಾತನ್ನು ಬಿಟ್ಟೆ. ನೆನಪಿನ ಹಂಗಿಲ್ಲದೆ ಉತ್ತರಿಸಬಹುದಾದ ಇನ್ನೊಂದನ್ನು ಕೇಳಿದೆ.

ಅವಳು ಕುಂಕುಮದ ಭರಣಿಯ ಮುಚ್ಚಳ ಹಾಕಿದಳು, ಬ್ಯಾಗಿನಲ್ಲಿಟ್ಟಳು, ಗುಬ್ಬಿ ಬಸ್ಸಿಗೆ ಹೊತ್ತಾಯಿತು ಎಂದಳು. ಅತ್ತೆ ತಂದ ಹೂ ಮುಡಿಯಲೂ ನಿಲ್ಲಲಿಲ್ಲ. ಆಮೇಲೆ ಎರಡು ಸಲ ಫೋನ್ ಮಾಡಿದ್ದಾಳೆ, ಸೀಮಂತದ ಸೀರೆಯ ಬಣ್ಣ ಹೇಳಿದ್ದಾಳೆ, ನನ್ನ ಕೈ ಹೇಗಿದೆ ಎಂದು ವಿಚಾರಿಸಿದ್ದಾಳೆ. ನಾನು ಕೇಳಿದ್ದು ಇಷ್ಟು:

"ಬಂದಿದ್ನೋ ಇಲ್ವೋ, ಅದು ಹಾಗಿರ್ಲಿ ಅಕ್ಕ. ಬಂದು ಕೇಳಿದ್ರೆ, ಒಡೀತಿದ್ಯಾ?"